ಬಟನ್‌ನ ಬಾಯಿ ಅಳೆದ ಏಳು ತಿಂಗಳು

ಆ ನಾಯಿಮರಿಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ನಾನು ಮೊದಲು ಮಾಡಿದ್ದೇ ತಪ್ಪು ಕೆಲಸ. ಮೇಲಿನ ದವಡೆಗೊಂದು ಕೈ, ಕೆಳಗಿನ ದವಡೆಗೊಂದು ಕೈ ಹಾಕಿ ಬಾಯಿ ಅಗಲಿಸಲು ಹೋದೆ. ಮರಿ ಕಿರುಚಿದ್ದು ಕೇಳಿ ನಮ್ಮ ಕ್ಲಿನಿಕ್ಕಿನ ಹಿರಿಯ ಡಾಕ್ಟರು ಪಕ್ಕದ ಕೋಣೆಯಿಂದ ಇಣುಕಿದರು. ನಾನು ಕೈ ಬಿಟ್ಟು, "ಆಯ್ತು ಕಣೋ, ಆಯ್ತು, ಬಿಟ್ಟೆ ಬಿಟ್ಟೆ" ಎಂದು ಮರಿಯ ಬೆನ್ನು ಸವರಿದೆ. ಮರಿಯನ್ನು ತಂದವರು ಐವತ್ತು ದಾಟಿದ, ಕತ್ತರಿಸಿದ ಗಡ್ಡದ ಯಜಮಾನರು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರ ಮುಖ ಒಮ್ಮೆಲೇ ಅರಳಿತು.

"ಕನ್ನಡದವ್ರೇನ್ರಿ ಡಾಕ್ಟ್ರ? ನಮ್ದು ರಾಣೆಬೆನ್ನೂರ್ರಿ. ಇಲ್ಲೇ ವಿಕ್ಸಮ್‌ನ್ಯಾಗ ನಂದು ಮಷೀನ್ ಶಾಪ್ ಐತಿ, ಬಿಡಿಭಾಗ ಕಡೀತೀವಿ."

"ನಾನು ಡಾಕ್ಟರ್ ಅಲ್ಲ ಅಂಕಲ್, ಇಲ್ಲಿ ಬರೀ ಅಸಿಸ್ಟೆಂಟ್" ಎಂದೆ. ಅದು ನಿಜವೇ. ನಾಗಮಂಗಲದ ಕಡೆ ಎಂಟು ವರ್ಷ ಸರ್ಕಾರಿ ಪಶುವೈದ್ಯೆಯಾಗಿ ಎಮ್ಮೆ, ಎತ್ತು, ಕುರಿಗಳ ನಡುವೆ ಕೆಲಸ ಮಾಡಿ ಬಂದಿದ್ದ ನಾನು, ಅಮೆರಿಕದ ಮಿಷಿಗನ್ನಿನಲ್ಲಿ ಪಶುವೈದ್ಯೆಯಾಗಲು ಬೇಕಾದ ಪರೀಕ್ಷೆಗಳನ್ನು ಇನ್ನೂ ಮುಗಿಸಿರಲಿಲ್ಲ. ಪ್ರಾಣಿಗಳನ್ನು ಹಿಡಿದುಕೊಳ್ಳುವುದು, ಎಕ್ಸ್‌ರೇ ತೆಗೆದು ಫಿಲ್ಮ್ ತೊಳೆಯುವುದು, ಮೇಜು ಒರೆಸುವುದು ನನ್ನ ಕೆಲಸ. ಅವರು ಮಾತ್ರ ಆ ದಿನದಿಂದ ಕೊನೆಯವರೆಗೂ ನನ್ನನ್ನು ಡಾಕ್ಟ್ರ ಎಂದೇ ಕರೆದರು.

ಅದು 1999ರ ಡಿಸೆಂಬರ್. ಮರಿಯ ಹೆಸರು ಬಟನ್. ವೆಸ್ಟ್ ಹೈಲ್ಯಾಂಡ್ ಟೆರಿಯರ್ ಜಾತಿಯದು, ಮೈತುಂಬ ಬಿಳಿ ಕೂದಲು, ಐದು ತಿಂಗಳ ವಯಸ್ಸು. ಎರಡು ವಾರದಿಂದ ಊಟವನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಬಿಡುತ್ತಿದೆ, ಜೊಲ್ಲು ನಿಲ್ಲುತ್ತಿಲ್ಲ, ಆಕಳಿಸಲು ಹೋಗಿ ಅರ್ಧದಲ್ಲೇ ಅಳುತ್ತದೆ ಎಂದರು ಯಜಮಾನರು. ಕೆಳದವಡೆಯ ಕೆಳಗೆ ಬೆರಳಾಡಿಸಿದೆ. ಎಲುಬು ದಪ್ಪಗೆ, ಗಂಟುಗಂಟಾಗಿ ಸಿಕ್ಕಿತು. ನನ್ನ ತಲೆಯಲ್ಲಿ ತಟ್ಟನೆ ಎತ್ತು ಬಂದು ನಿಂತಿತು. ಮುಳ್ಳೋ ಒರಟು ಹುಲ್ಲೋ ಚುಚ್ಚಿದ ಗಾಯದಿಂದ ಸೋಂಕು ಎಲುಬಿಗಿಳಿದು, ದವಡೆ ಕಲ್ಲಿನಂತೆ ಊದುವುದನ್ನು ನಾನು ಎಷ್ಟೋ ಎತ್ತುಗಳಲ್ಲಿ ನೋಡಿದ್ದೆ. ಹಾಗೆಂದೇ ಹೇಳಿಬಿಟ್ಟೆ. ಯಜಮಾನರೂ ತಲೆಯಾಡಿಸಿ, "ಹೌದ್ರಿ, ನಮ್ಮಜ್ಜನ ಎತ್ತಿಗೂ ಆಗಿತ್ತು" ಅಂದರು. ಮಿಷಿಗನ್ನಿನ ಹಿಮದಲ್ಲಿ ನಿಂತು ಇಬ್ಬರು ಕನ್ನಡಿಗರು ಒಂದು ಬಿಳಿ ನಾಯಿಮರಿಗೆ ಎತ್ತಿನ ರೋಗ ಅಂಟಿಸಿ ಒಪ್ಪಂದಕ್ಕೆ ಬಂದಿದ್ದೆವು.

ಹಿರಿಯ ಡಾಕ್ಟರು ಒಳಗೆ ಬಂದು ಎರಡೂ ಕಡೆಯ ದವಡೆ ಮುಟ್ಟಿದರು, ಕಿವಿಯ ಬುಡ ಮುಟ್ಟಿದರು. "ಸೋಂಕು ಎರಡೂ ಕಡೆ ಒಂದೇ ಅಳತೆಗೆ ಊದುತ್ತದೆಯೇ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಎಕ್ಸ್‌ರೇ ತೆಗೆಯಲು ಹೇಳಿದರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಮಗ್ಗುಲಾಗಿ ಒಂದು, ಬೋರಲಾಗಿ ಒಂದು, ಎರಡು ಫಿಲ್ಮ್ ತೆಗೆದೆವು. ತೊಳೆದು ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟೆ. ಕೆಳದವಡೆಯ ಎಲುಬು ಇರಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪ. ಅಂಚಿನುದ್ದಕ್ಕೂ ಹೊಸ ಎಲುಬು ಒರಟೊರಟಾಗಿ ಉಕ್ಕಿ ನಿಂತಿತ್ತು. ಕಿವಿಯ ಹಿಂದಿನ ಗುಳ್ಳೆಯಂಥ ಎಲುಬೂ ದಪ್ಪವಾಗಿ, ದವಡೆಯ ಕೀಲಿನ ಕಡೆಗೆ ಒತ್ತಿಕೊಂಡು ಬರುತ್ತಿತ್ತು.

ಹಿರಿಯ ಡಾಕ್ಟರು ಯಜಮಾನರಿಗೆ ನಿಧಾನವಾಗಿ ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ, ಸೋಂಕೂ ಅಲ್ಲ. ಈ ಜಾತಿಯ ಮರಿಗಳಲ್ಲಿ ವಂಶದಿಂದ ಬರುವ ಕಾಯಿಲೆ. ದವಡೆಯ ಎಲುಬು ಬೇಡದ ಕಡೆ ಬೆಳೆಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಜ್ವರ ಬರುತ್ತದೆ, ಆಗ ನೋವು ಹೆಚ್ಚು, ಆಮೇಲೆ ಸ್ವಲ್ಪ ಇಳಿಯುತ್ತದೆ. ಮರಿಗೆ ಒಂದು ವರ್ಷವಾಗಿ ಮೈಯ ಬೆಳವಣಿಗೆ ನಿಂತಾಗ ಈ ಬೆಳವಣಿಗೆಯೂ ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ಕೀಲು ಬೆಸೆದುಕೊಂಡರೆ ಮಾತ್ರ ಬಾಯಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅಲ್ಲಿಗೆ ನಾಯಿಯ ಕಥೆ ಮುಗಿಯಿತು.

"ಅಂದ್ರ ಏಳು ತಿಂಗಳು ಬಾಯಿ ಮುಚ್ಚದಂಗ ನೋಡಿಕೊಂಡ್ರ ಗೆದ್ದಂಗ" ಎಂದರು ಯಜಮಾನರು, ನನ್ನ ಕಡೆ ತಿರುಗಿ.

"ನೋಡ್ಕೊಳ್ಳೋಕೆ ನಮ್ಮ ಕೈಲಿ ಹೆಚ್ಚೇನಿಲ್ಲ ಅಂಕಲ್. ನೋವಿಗೆ ಸ್ಟಿರಾಯ್ಡ್ ಕೊಡ್ತೀವಿ. ಮಿಕ್ಕಿದ್ದು ನೀವು ಹೊಟ್ಟೆ ತುಂಬಿಸ್ಬೇಕು. ಅಷ್ಟೇ."

"ಬಾಯಿ ಈಗ ಎಷ್ಟು ತೆರೀತೈತಿ?"

ನಾನು ಹೆಬ್ಬೆರಳು ತೋರುಬೆರಳ ನಡುವೆ ಸಂದು ಮಾಡಿ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡಿ ಸಣ್ಣಗೆ ನಕ್ಕರು. "ಅದು ಅಳತಿ ಅಲ್ರಿ ಡಾಕ್ಟ್ರ" ಎಂದರು.

ನಾಲ್ಕನೆಯ ದಿನ ಕ್ಲಿನಿಕ್ಕಿಗೆ ಬಂದಾಗ ಅವರ ಕೈಯಲ್ಲೊಂದು ಮರದ ಪೆಟ್ಟಿಗೆ. ಒಳಗೆ ಬಿಳಿ ನೈಲಾನಿನಲ್ಲಿ ಲೇತ್ ಮೇಲೆ ಕಡೆದ ಗುಂಡನೆಯ ತುಂಡುಗಳು ಸಾಲಾಗಿ ಕೂತಿದ್ದವು. ಒಂದಕ್ಕಿಂತ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ದಪ್ಪ. ನಾಲ್ಕರಿಂದ ಇಪ್ಪತ್ತನಾಲ್ಕರವರೆಗೆ ನಂಬರು ಕೆತ್ತಿತ್ತು. ಎಂಟನೆಯದು ಸರಿಯಾಗಿ ಅರ್ಧ ಇಂಚು. ಮರಿ ನುಂಗದಿರಲೆಂದು ಪ್ರತಿಯೊಂದಕ್ಕೂ ದಾರ, ಹಲ್ಲಿಗೆ ನೋಯದಿರಲೆಂದು ಅಂಚುಗಳನ್ನು ನುಣ್ಣಗೆ ಉಜ್ಜಿದ್ದರು. ಕಾರ್ಖಾನೆಯಲ್ಲಿ ರಂಧ್ರ ಅಳೆಯಲು ಇಂಥದೇ ಗೇಜುಗಳಿರುತ್ತವಂತೆ, ಆದರೆ ಉಕ್ಕಿನವು. ಮರಿಯ ಮುಂದಿನ ಹಲ್ಲುಗಳ ನಡುವೆ ಸಣ್ಣದರಿಂದ ಶುರುಮಾಡಿ, ಅದು ತಾನಾಗಿ ಒಪ್ಪುವ ಅತಿ ದೊಡ್ಡ ತುಂಡು ಯಾವುದೋ ಅದೇ ಆ ದಿನದ ನಂಬರು. ಒತ್ತುವಂತಿಲ್ಲ. ಅಂದಿನದು ಹದಿನಾಲ್ಕು. ಆ ವಯಸ್ಸಿನ ಆರೋಗ್ಯವಂತ ಮರಿಗೆ ಇಪ್ಪತ್ತನಾಲ್ಕೂ ಸಡಿಲ.

ಜೊತೆಗೊಂದು ಹಾಳೆಯನ್ನೂ ತಂದಿದ್ದರು. ಶಾಪಿನಲ್ಲಿ ಪ್ರತಿ ಕೆಲಸದ ಜೊತೆ ಮಷೀನಿನಿಂದ ಮಷೀನಿಗೆ ಹೋಗುವ ತಪಾಸಣೆ ಹಾಳೆ ಅದು. ಅದರ ಚೌಕಗಳೆಲ್ಲ ಹಾಗೇ ಇದ್ದವು, ತಲೆಬರಹಗಳನ್ನು ಮಾತ್ರ ಬದಲಿಸಿದ್ದರು: ತಾರೀಕು, ಬೆಳಿಗ್ಗೆಯ ನಂಬರು, ಸಂಜೆಯ ನಂಬರು, ಮೈ ಬಿಸಿ ಎಷ್ಟು ಫ್ಯಾರನ್‌ಹೀಟ್, ಎಷ್ಟು ಉಂಡಿತು, ಎಷ್ಟು ಚೆಲ್ಲಿತು. ಕೊನೆಯಲ್ಲಿ 'ತಪಾಸಣೆ ಮಾಡಿದವರು' ಎಂದಿದ್ದ ಕಡೆ ಅವರ ಸಹಿ. ಎಂಟು ವರ್ಷದ ಸರ್ಕಾರಿ ಕೆಲಸದಲ್ಲಿ ಇಷ್ಟು ಚೊಕ್ಕವಾದ ಒಂದು ಹಾಳೆಯನ್ನೂ ನಾನು ತುಂಬಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಆ ವಾರ ಅವರ ಶಾಪಿಗೇ ಹೋಗಿ ಊಟ ಹಾಕುವುದನ್ನು ಕಲಿಸಿಕೊಟ್ಟೆ. ಮರಿ ಇದ್ದದ್ದು ಅಲ್ಲಿಯೇ, ಆಫೀಸು ಕೋಣೆಯಲ್ಲಿ, ಹೀಟರಿನ ಪಕ್ಕ. ಮನೆಯೊಳಗೆ ನಾಯಿ ಬಿಟ್ಟುಕೊಳ್ಳುವ ರೂಢಿ ಅವರಲ್ಲಿಲ್ಲ. ನಾಯಿಯ ಜೊಲ್ಲು ಮೈಗೆ ಬಟ್ಟೆಗೆ ತಾಗಿದರೆ ತೊಳೆದುಕೊಳ್ಳದೆ ನಮಾಜಿಗೆ ನಿಲ್ಲುವಂತಿಲ್ಲ. ಜೊಲ್ಲೇ ಮುಖ್ಯ ಲಕ್ಷಣವಾಗಿದ್ದ ಕಾಯಿಲೆ ಇದು. ಅವರು ಅದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದರು. ಮೊದಲು ನಮಾಜು, ಆಮೇಲೆ ಗೂಟಕ್ಕೆ ನೇತುಹಾಕಿದ್ದ ಬೇರೆ ಅಂಗಿ ತೊಟ್ಟು ಮರಿಯ ಊಟ, ಆಮೇಲೆ ಅಂಗಿ ಕಳಚಿ ಮೊಣಕೈವರೆಗೆ ಸ್ನಾನದಂಥ ತೊಳೆತ. ದಿನಕ್ಕೆ ನಾಲ್ಕು ಸಲ. ಆಗ ರಂಜಾನ್ ಬೇರೆ. ತಾವು ಒಂದು ಗುಟುಕು ನೀರೂ ಕುಡಿಯದೆ, ಹೆಂಡತಿ ಮನೆಯಿಂದ ಕಳಿಸಿದ ಕೋಳಿಯ ಸಾರನ್ನು ಡಬ್ಬಿಯ ಊಟಕ್ಕೆ ಬೆರೆಸಿ, ಮಿಕ್ಸಿಯಲ್ಲಿ ತಿರುವಿ, ಮರಿಯ ಮುಂದೆ ಮೊಣಕಾಲೂರಿ ಕೂರುತ್ತಿದ್ದರು.

"ನಿಮ್ಮ ನಾಯೀನಾ ಅಂಕಲ್ ಇದು?" ಎಂದು ಕೇಳಿದ್ದು ಆಗಲೇ.

"ಅಲ್ರಿ. ಅಮಾನತ್ ಇದು. ನಂಬಿ ಇಟ್ಟು ಹೋಗಿದ್ದು."

ಅವರ ಶಾಪಿನಲ್ಲಿ ಒಬ್ಬ ವಯಸ್ಸಾದ ಅಮೆರಿಕನ್ ಕೆಲಸಗಾರರಿದ್ದರಂತೆ. ಲೋಹದ ಅಚ್ಚು, ಅಂದರೆ ಡೈ, ಮಾಡುವುದರಲ್ಲಿ ಪಳಗಿದ ಕೈ. ಯಜಮಾನರು ಈ ದೇಶಕ್ಕೆ ಬಂದ ಹೊಸದರಲ್ಲಿ ಕೆಲಸ ಕಲಿಸಿದವರೇ ಅವರು. ಹೆಂಡತಿ ತೀರಿಕೊಂಡ ಮೇಲೆ ಜೊತೆಗಿರಲೆಂದು ಈ ಮರಿ ತಂದರು. ತಂದ ಎರಡೇ ತಿಂಗಳಿಗೆ ಹೃದಯದ ಆಪರೇಷನ್ ಆಗಬೇಕೆಂದು ಚಿಕಾಗೋ ಹತ್ತಿರ, ಡೌನರ್ಸ್ ಗ್ರೋವ್‌ನ ಮಗಳ ಮನೆಗೆ ಹೋದರು. ಹೋಗುವಾಗ ಮರಿಯನ್ನು ಇವರ ಕೈಗೆ ಕೊಟ್ಟು, ನಾನು ಬರುವವರೆಗೆ ನೋಡಿಕೋ ಅಂದಿದ್ದರು.

ಊಟ ಹಾಕುವ ರೀತಿ ನಾನು ಕಲಿಸಿದ್ದು ಹೀಗೆ. ದೊಡ್ಡ ಸಿರಿಂಜಿನಲ್ಲಿ ಗಂಜಿಯಂಥ ಊಟ ತುಂಬಿಸಿ, ತುಟಿಯ ಮೂಲೆಯಿಂದ ಕೆನ್ನೆಯೊಳಗೆ ತೂರಿಸಿ, ಗಲ್ಲ ಮೇಲಕ್ಕೆತ್ತಿ ನಿಧಾನಕ್ಕೆ ಒತ್ತುವುದು. ಗಲ್ಲ ಎತ್ತಬಾರದೆಂದು ಕಾಲೇಜಿನಲ್ಲಿ ನನಗೇ ಪಾಠ ಮಾಡಿದ್ದರು. ಆದರೆ ಎಂಟು ವರ್ಷ ಹಳ್ಳಿಗಳಲ್ಲಿ ಕರುಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ, ಮೂತಿ ಆಕಾಶಕ್ಕೆತ್ತಿ ಸುರಿಯುವುದನ್ನೇ ನೋಡಿ ನೋಡಿ, ಹಾಗೆಯೇ ಮಾಡಿ ಮಾಡಿ, ಪಾಠ ಮರೆತು ಕೈಗೆ ಅದೇ ಉಳಿದಿತ್ತು. ಯಜಮಾನರು ನನ್ನ ಕೈ ನೋಡಿ ಅಷ್ಟೇ ಎತ್ತರಕ್ಕೆ, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲದೆ, ದಿನವೂ ಎತ್ತಿದರು.

ಜನವರಿಯ ಆರಂಭದಲ್ಲಿ ಮೊದಲ ಜ್ವರ ಬಂತು. ನಂಬರು ಹದಿನಾಲ್ಕರಿಂದ ಹತ್ತಕ್ಕೆ ಇಳಿಯಿತು. ಜ್ವರ ಬಿಟ್ಟ ಮೇಲೆ ಹನ್ನೆರಡಕ್ಕೆ ಏರಿ ನಿಂತಿತು. ಹಿರಿಯ ಡಾಕ್ಟರು ಹೇಳಿದ್ದಂತೆಯೇ ಎಲ್ಲ ನಡೆಯುತ್ತಿತ್ತು. ಹೀಗಾಗಿ ತಿಂಗಳ ಕೊನೆಯಲ್ಲಿ ಮತ್ತೆ ಜ್ವರ ಬಂದು ಯಜಮಾನರು ಫೋನ್ ಮಾಡಿದಾಗ ನಾನು ಧೈರ್ಯವಾಗಿ, "ಅದು ಬರೋದೇ ಅಂಕಲ್, ಮೂರು ದಿನ ಬಿಡಿ" ಅಂದೆ. "ಕೆಮ್ಮು ಐತ್ರಿ" ಎಂದರು. "ಜೊಲ್ಲು ಗಂಟಲಿಗೆ ಹೋಗಿರತ್ತೆ" ಅಂದೆ. ಹಿರಿಯ ಡಾಕ್ಟರಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಎರಡು ದಿನ ಕಳೆದು ಯಜಮಾನರು ಯಾರನ್ನೂ ಕೇಳದೆ ಮರಿಯನ್ನು ಎತ್ತಿಕೊಂಡು ಬಂದರು. ಮೈ ನೂರಾ ಐದು ಡಿಗ್ರಿ ಸುಡುತ್ತಿತ್ತು. ಎದೆಯ ಎಕ್ಸ್‌ರೇ ತೆಗೆದೆವು. ಬಲಗಡೆಯ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಮುಚ್ಚಿಕೊಂಡಿತ್ತು. ಊಟ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು.

ಊಟ ಹೇಗೆ ಹಾಕುತ್ತೀರಿ, ತೋರಿಸಿ ಎಂದು ಹಿರಿಯ ಡಾಕ್ಟರು ಯಜಮಾನರಿಗೆ ಹೇಳಿದರು. ಅವರು ಗಲ್ಲ ಎತ್ತಿದ ಕೂಡಲೇ ನನಗೆ ನನ್ನ ತಪ್ಪು ಕಂಡಿತು. ಹಿರಿಯ ಡಾಕ್ಟರು ಬಾಯಿ ತೆರೆಯುವ ಮುಂಚೆಯೇ, "ನಾನು ಕಲಿಸಿದ್ದು" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಮೇಲಾಗುತ್ತಿತ್ತು.

ಮರಿಗೆ ಆಮ್ಲಜನಕ, ರಕ್ತನಾಳಕ್ಕೆ ಆಂಟಿಬಯೋಟಿಕ್ ಶುರುವಾಯಿತು. ಯಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದೆ. "ಅಂಕಲ್, ತಪ್ಪು ನಂದು. ದನಗಳಿಗೆ ಮಾಡಿದ ಅಭ್ಯಾಸ ಇಲ್ಲೂ ಮಾಡಿಬಿಟ್ಟೆ. ನೀವು ಕೆಮ್ಮು ಅಂದಾಗ್ಲೂ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ."

ಅವರು ಪಾರ್ಕಿಂಗ್ ಲಾಟಿನ ಹಿಮದ ಕಡೆ ಮುಖ ತಿರುಗಿಸಿದರು. ಕೋಪ ಬಂದಿತ್ತು, ಕಾಣುತ್ತಿತ್ತು. ಆಮೇಲೆ, "ಎಷ್ಟು ಡಿಗ್ರಿ ಇರ್ಬೇಕ್ರಿ?" ಎಂದರು.

"ಏನು?"

"ಗಲ್ಲ. ಮ್ಯಾಲೆ ಎತ್ತಬಾರದು ಅಂದ್ರಲ್ಲ. ಮಟ್ಟಸ ಇರ್ಬೇಕೋ, ಕೆಳಗ ವಾಲಿರ್ಬೇಕೋ? ವಾಲಿದ್ರ ಎಷ್ಟು?"

ನನಗೆ ಅಳು ಬಂತು. ಅವರು ಅದನ್ನು ನೋಡದ ಹಾಗೆ ಮುಂದುವರಿಸಿದರು. "ನೋಡ್ರಿ, ಶಾಪ್‌ನ್ಯಾಗ ಮಾಲು ಕೆಟ್ರ ಕೆಟ್ಟ ತುಂಡು ಮೇಜಿನ ಮ್ಯಾಲೇ ಇಡ್ತೀವಿ. ಮುಚ್ಚಿಟ್ಟವನ್ನ ಕೆಲಸದಿಂದ ತೆಗೀತೀನಿ. ತೋರಿಸಿದವನ್ನ ತೆಗೆಯಂಗಿಲ್ಲ. ನೀವು ತೋರಿಸಿದ್ರಿ. ಈಗ ಡಿಗ್ರಿ ಹೇಳ್ರಿ."

ಇಂಥ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮರಿ ಆರನೆಯ ದಿನ ವಾಪಸು ಹೋಗುವಷ್ಟರಲ್ಲಿ ಅವರು ಒಂದು ಸ್ಟ್ಯಾಂಡ್ ಮಾಡಿಟ್ಟಿದ್ದರು. ಮರಿ ನಾಲ್ಕು ಕಾಲೂರಿ ನಿಲ್ಲಲು ರಬ್ಬರಿನ ಹಾಸು, ಗಲ್ಲ ಇಡಲು ಮೆತ್ತೆ ಕಟ್ಟಿದ ತಗ್ಗು, ಮೂತಿ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ವಾಲುವಂತೆ ತಿರುಪು. ಎತ್ತಬೇಕೆಂದರೂ ಗಲ್ಲ ಎತ್ತಲು ಬಾರದು. ಅದರ ಮುಂದೆ ತಗಡಿನ ಅಗಲವಾದ ತೆಳ್ಳನೆಯ ಸೌಟು. ಸುರಿಯುವುದು ಬೇಡ, ಮರಿಯೇ ನಾಲಿಗೆ ತುದಿಯಿಂದ ಎಳೆದುಕೊಳ್ಳಲಿ ಎಂದು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಅವರ ಮಷೀನು ನಿಂತಿರುತ್ತಿತ್ತು.

ನ್ಯುಮೋನಿಯಾ ವಾಸಿಯಾಯಿತು, ಆದರೆ ದವಡೆಯ ಲೆಕ್ಕ ಕೆಟ್ಟಿತು. ಸ್ಟಿರಾಯ್ಡ್ ಕೊಟ್ಟರೆ ಎದೆಯ ಸೋಂಕು ಮತ್ತೆ ತಲೆಯೆತ್ತುತ್ತದೆ, ನಿಲ್ಲಿಸಿದರೆ ದವಡೆ ನೋಯುತ್ತದೆ. ನಿಲ್ಲಿಸಲೇಬೇಕಾಯಿತು. ಜನವರಿ ಕೊನೆಯ ಆ ಜ್ವರದಲ್ಲಿ ಒಂಬತ್ತಕ್ಕೆ ಇಳಿದಿದ್ದ ನಂಬರು ಹನ್ನೊಂದಕ್ಕೆ ಏರಿತ್ತು. ಫೆಬ್ರವರಿ ಕೊನೆಯಲ್ಲಿ ಮೂರನೆಯ ಜ್ವರ ಬಂದು ಮತ್ತೆ ಒಂಬತ್ತಾಯಿತು, ಬಿಟ್ಟ ಮೇಲೆ ಹತ್ತಕ್ಕೆ ನಿಂತಿತು. ಮರಿಯ ಪಕ್ಕೆಲುಬು ಎಣಿಸಬಹುದಿತ್ತು.

ಮಾರ್ಚಿನ ಮೊದಲ ವಾರ ಹಿರಿಯ ಡಾಕ್ಟರು ಯಜಮಾನರನ್ನು ಕೂರಿಸಿಕೊಂಡು ಮಾತಾಡಿದರು. ಹೊಟ್ಟೆಗೆ ನೇರವಾಗಿ ನಳಿಗೆ ಇಟ್ಟು ಊಟ ಹಾಕಬಹುದು, ಆದರೆ ಅದಕ್ಕೆ ಅರಿವಳಿಕೆ ಕೊಡಬೇಕು. ಅರಿವಳಿಕೆ ಕೊಡಲು ಬಾಯಿಯ ಮೂಲಕ ಗಂಟಲಿಗೆ ಉಸಿರಿನ ನಳಿಗೆ ಹಾಕಬೇಕು. ನಿಮ್ಮ ನಂಬರು ಹತ್ತಕ್ಕಿಂತ ಕೆಳಗಿಳಿದರೆ ಅದನ್ನು ಹಾಕಲು ನನಗೆ ಜಾಗವಿಲ್ಲ. ಈಗ ಹತ್ತು ಇದೆ. ಮುಂದಿನ ಜ್ವರದ ಮೇಲೆ ಇರುವುದಿಲ್ಲ. ಇಷ್ಟು ಸೊರಗಿದ ಮರಿ, ಈಗತಾನೆ ಎದೆ ವಾಸಿಯಾದದ್ದು, ಅರಿವಳಿಕೆಯಿಂದ ಏಳುತ್ತದೆಂದು ಭರವಸೆ ಕೊಡಲಾರೆ. ಏಳುವುದಿಲ್ಲವೆಂದೇ ನನ್ನ ಭಯ. ಇನ್ನೊಂದು ದಾರಿ, ಇಂದೇ ಚುಚ್ಚುಮದ್ದು ಕೊಟ್ಟು ನೋವಿಲ್ಲದೆ ಕಳಿಸಿಕೊಡುವುದು. ನನ್ನ ನಾಯಿಯಾಗಿದ್ದರೆ ನಾನು ಅದನ್ನೇ ಯೋಚಿಸುತ್ತಿದ್ದೆ.

ಅವರು ಒಳ್ಳೆಯ ಮನುಷ್ಯರು. ಆ ಮಾತು ಹೇಳಲು ಅವರಿಗೂ ಕಷ್ಟವಾಗಿತ್ತು. ಅದಕ್ಕೆ ಒಪ್ಪಿಗೆಯ ಸಹಿ ಹಾಕುವ ಕಾಗದವನ್ನು ಮೇಜಿನ ಮೇಲಿಟ್ಟರು.

ಯಜಮಾನರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನಿನ್ನೆ ಡೌನರ್ಸ್ ಗ್ರೋವ್‌ಗೆ ಫೋನ್ ಮಾಡಿದ್ದೆ. ನಿನಗ ಸರಿ ಅನ್ಸಿದ್ದು ಮಾಡು ಅಂದ್ರು ಮರಿ ಕೊಟ್ಟು ಹೋದ ಹಿರಿಯರು. ಹಂಗ ಅಂದುಬಿಟ್ರ ಇನ್ನೂ ಕಷ್ಟರಿ. ನಂದೇ ನಾಯಿ ಆಗಿದ್ರ ದುಃಖಪಟ್ಟು ಸಹಿ ಹಾಕ್ತಿದ್ದೆ. ಮಂದೀ ಜೀವ ಇದು. ಎಲ್ಲಾ ದಾರಿ ಮುಚ್ಚೈತಿ ಅಂತ ಖಾತ್ರಿ ಆಗದ ನಾ ಸಹಿ ಹೆಂಗ ಹಾಕ್ಲಿ? ಮುಚ್ಚೈತೇನ್ರಿ ಡಾಕ್ಟ್ರ?"

ಡಾಕ್ಟ್ರ ಎಂದು ಅವರು ಕರೆದದ್ದು ನನಗೆ ಅವತ್ತು ಮೊದಲ ಬಾರಿಗೆ ಭಾರವೆನಿಸಿತು. ಒಮ್ಮೆ ತಪ್ಪು ಮಾಡಿದ್ದೆ, ಎರಡು ಬಾರಿ ಮಾಡಿದ್ದೆ. ಸುಮ್ಮನಿರುವುದು ಸುಲಭವಿತ್ತು. ಆದರೂ ಅವರ ಹಾಳೆಗಳನ್ನು ಕೊಡಲು ಹೇಳಿದೆ. ಡಿಸೆಂಬರಿನಿಂದ ಹನ್ನೊಂದು ವಾರದ ಹಾಳೆಗಳು. ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಕೊಟ್ಟರು. ಹಿರಿಯ ಡಾಕ್ಟರು ನೋಡುತ್ತಿದ್ದಂತೆ ಅವನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಹಾಸಿದೆ.

ಮೇಲಿಂದ ನೋಡಿದರೆ ಇಳಿತವೇ ಕಾಣುತ್ತಿತ್ತು. ಹದಿನಾಲ್ಕು, ಹನ್ನೆರಡು, ಹನ್ನೊಂದು, ಹತ್ತು. ನಾವೆಲ್ಲ ನೋಡುತ್ತಿದ್ದದ್ದು ಅದನ್ನೇ. ಆದರೆ ದಿನದಿನದ ಸಾಲು ಓದಿದಾಗ ಬೇರೆಯೂ ಇತ್ತು. ಮೊದಲ ಜ್ವರ ನಾಲ್ಕು ನಂಬರು ತಿಂದಿತ್ತು. ಎರಡನೆಯದು ಮೂರು. ಮೂರನೆಯದು, ಸ್ಟಿರಾಯ್ಡ್ ಇಲ್ಲದೆಯೂ, ಎರಡೇ. ಮೊದಲ ಜ್ವರ ಐದು ದಿನ ಕಾಡಿತ್ತು, ಮೂರನೆಯದು ಎರಡು ದಿನ. ಎರಡು ಜ್ವರಗಳ ನಡುವಿನ ಅಂತರವೂ ಹಿಗ್ಗುತ್ತ ಬಂದಿತ್ತು. "ರೋಗ ಸುಸ್ತಾಗುತ್ತಿದೆ" ಎಂದೆ ಹಿರಿಯ ಡಾಕ್ಟರಿಗೆ. "ಬಾಯಿ ಮುಚ್ಚುತ್ತಿರುವುದು ನಿಜ. ಆದರೆ ಮುಚ್ಚುವ ವೇಗ ಕಮ್ಮಿಯಾಗುತ್ತಿದೆ. ಅದು ಪೂರ್ತಿ ಮುಚ್ಚುವ ಮುಂಚೆ ನಿಂತರೆ?"

ಅವರು ಕನ್ನಡಕ ತೆಗೆದು ನೆಲದ ಮೇಲೆ ಕೂತರು. ಅರವತ್ತರ ಹತ್ತಿರದ ಮನುಷ್ಯ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹತ್ತು ನಿಮಿಷ ಓದಿದರು. "ಈ ಕಾಯಿಲೆಯ ಮರಿಗಳನ್ನು ನೋಡಿದ್ದೇನೆ. ಅದರ ಬಾಯನ್ನು ದಿನಕ್ಕೆ ಎರಡು ಸಲ ಅಳೆದವರನ್ನು ನೋಡಿಲ್ಲ" ಎಂದರು. ಆಮೇಲೆ ಕೇಳಿದರು: ಮುಂದಿನ ಜ್ವರದಲ್ಲಿ ಏಳಕ್ಕಿಂತ ಕೆಳಗಿಳಿದರೆ? ಅಥವಾ ಎರಡು ದಿನ ಪೂರ್ತಿ ಊಟ ಮುಟ್ಟದಿದ್ದರೆ?

ಯಜಮಾನರು ಇಂಗ್ಲಿಷಿನಲ್ಲೇ ಉತ್ತರಿಸಿದರು. ಆಗ ಖಂಡಿತ ಸಹಿ ಹಾಕುತ್ತೇನೆ, ನಾನೇ ಎತ್ತಿಕೊಂಡು ಬರುತ್ತೇನೆ, ಪ್ರಾಣಿಗೆ ಹಿಂಸೆ ಕೊಟ್ಟು ನನ್ನ ಮಾತು ಉಳಿಸಿಕೊಳ್ಳುವುದಿಲ್ಲ ಎಂದರು. ನಳಿಗೆಯೂ ಬೇಡ, ಚುಚ್ಚುಮದ್ದೂ ಬೇಡ, ಕಾಯುವುದು ಎಂದಾಯಿತು. ನೋವಿಗೆ ಸ್ಟಿರಾಯ್ಡ್ ಅಲ್ಲದ ಬೇರೆ ಮಾತ್ರೆ ಬರೆದರು. ನಳಿಗೆ ಹಾಕುವ ಕೊನೆಯ ಅವಕಾಶವನ್ನು ನಾವು ಗೊತ್ತಿದ್ದೇ ಬಿಟ್ಟಿದ್ದೆವು.

ಆ ಮೂರು ವಾರ ನಾನು ಪರೀಕ್ಷೆಗೆ ಓದಿದ್ದು ಒಂದೂ ತಲೆಗೆ ಹತ್ತಲಿಲ್ಲ. ಕೆಲಸ ಮುಗಿಸಿ ದಿನವೂ ಶಾಪಿನ ಮುಂದೆ ಕಾರು ನಿಲ್ಲಿಸುತ್ತಿದ್ದೆ. ಯಜಮಾನರು ಮಷೀನಿನ ಸದ್ದಿನ ನಡುವೆ ನನ್ನನ್ನು ಕಂಡು, ಮಾತಿಲ್ಲದೆ ಬೆರಳುಗಳಲ್ಲಿ ನಂಬರು ತೋರಿಸುತ್ತಿದ್ದರು. ಹತ್ತು. ಹತ್ತು. ಹತ್ತು. ಮಾರ್ಚಿನ ಕೊನೆಯ ವಾರ ಅವರು ಒಂದು ಬೆರಳು ಮಡಿಚಿ ಒಂಬತ್ತು ತೋರಿಸಿದರು. ಜ್ವರ ಬಂದಿತ್ತು. ನಾನು ಕಾರಿನಲ್ಲೇ ಕೂತುಬಿಟ್ಟೆ, ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮರುದಿನವೂ ಒಂಬತ್ತು. ಅದರ ಮರುದಿನ ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಎರಡೂ ಕೈಯ ಹತ್ತೂ ಬೆರಳು ಎತ್ತಿ ಹಿಡಿದಿದ್ದರು.

ಅದೇ ಕೊನೆಯ ಜ್ವರ. ಏಪ್ರಿಲಿನಲ್ಲಿ ಮರಿ ಮೈ ತುಂಬಿಕೊಂಡಿತು. ಜೂನಿನಲ್ಲಿ ನಂಬರು ಹನ್ನೆರಡಾಯಿತು, ಜುಲೈಗೆ ಹದಿನೈದು. ಒಂದು ವರ್ಷ ತುಂಬಿದ ವಾರ ಮತ್ತೆ ಎಕ್ಸ್‌ರೇ ತೆಗೆದೆವು. ದವಡೆ ಇನ್ನೂ ದಪ್ಪವಾಗಿಯೇ ಇತ್ತು, ಆದರೆ ಒರಟು ಅಂಚು ನುಣುಪಾಗಿ, ಎಲುಬು ಕರಗುತ್ತ ತನ್ನ ಆಕಾರಕ್ಕೆ ಬರುತ್ತಿತ್ತು. ಕೀಲು ಬೆಸೆದುಕೊಳ್ಳದೆ ಉಳಿದಿತ್ತು. ಪೂರ್ತಿ ಬಾಯಿ ಎಂದೂ ಬಾರದು, ಆದರೆ ಬದುಕಲು ಸಾಕಷ್ಟು ಬಾಯಿ ಇತ್ತು. ಹಿರಿಯ ಡಾಕ್ಟರು ಯಜಮಾನರ ಕೈ ಕುಲುಕಿ, ಹಾಳೆಗಳ ಒಂದು ಪ್ರತಿ ಕೊಡುವಿರಾ ಎಂದು ಕೇಳಿದರು.

ಡೌನರ್ಸ್ ಗ್ರೋವ್‌ನ ಹಿರಿಯರು ಇನ್ನು ಕೆಲಸಕ್ಕೆ ಮರಳುವ ಹಾಗಿರಲಿಲ್ಲ, ಆದರೆ ಮಗಳ ಮನೆಯಲ್ಲಿ ಓಡಾಡಿಕೊಂಡಿದ್ದರು. ಮರಿಯನ್ನು ಮುಟ್ಟಿಸಿ ಬರಬೇಕು ಎಂದರು ಯಜಮಾನರು.

ನನಗೆ ತಡೆಯಲಾಗಲಿಲ್ಲ. "ಅಂಕಲ್, ಒಂದು ಮಾತು ಕೇಳಿ ನೋಡಿ. ನೀವೇ ಇಟ್ಕೊಳ್ಳಿ ಅಂತಾರೆ ಅವರು. ಇಷ್ಟು ಮಾಡಿದ್ದೀರಲ್ಲ."

"ಕೇಳಿದ್ರ ಇಲ್ಲ ಅನ್ನಂಗಿಲ್ಲ ಅವ್ರು" ಎಂದರು. "ಅದಕ್ಕ ಕೇಳಬಾರದು."

ಆಗಸ್ಟಿನ ಒಂದು ಭಾನುವಾರ ಹೊರಟೆವು. ಊಟದ ಕ್ರಮವನ್ನು ಆ ಮನೆಯ ಮಗಳಿಗೆ ವಿವರಿಸಲು ನಾನೂ ಇರಲಿ ಎಂದು ಕರೆದಿದ್ದರು. ಹಿಂದಿನ ಸೀಟಿನಲ್ಲಿ ಯಜಮಾನರ ಹೆಂಡತಿ. ಅಷ್ಟು ತಿಂಗಳು ದಿನವೂ ಸಾರು ಕಾಯಿಸಿ ಕಳಿಸಿದ್ದವರು, ನಾಯಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮಡಿಲಿಗೆ ಹಳೆಯ ಟವೆಲ್ ಹಾಸಿಕೊಂಡು ಕೂತಿದ್ದರು. ಕ್ಯಾಲಮಜೂ ದಾಟುವಷ್ಟರಲ್ಲಿ ಬಟನ್ ಅದರ ಮೇಲೆ ಗಲ್ಲವಿಟ್ಟು ಮಲಗಿತ್ತು. "ಕಾಲು ಜೋಮು ಹಿಡೀತು" ಎಂದರು ಆಕೆ. ಆದರೂ ಚಿಕಾಗೋ ಎಕ್ಸಿಟ್ಟುಗಳು ಬರುವವರೆಗೂ ಕದಲಲಿಲ್ಲ.

ಹಿರಿಯರು ಜಗುಲಿಯಲ್ಲಿ ವಾಕರ್ ಹಿಡಿದು ಕಾಯುತ್ತಿದ್ದರು. ಬಟನ್ ಮೊದಲು ಗುರುತಿಸಲಿಲ್ಲ, ಯಜಮಾನರ ಕಾಲ ಹಿಂದೆಯೇ ನಿಂತಿತು. ಯಜಮಾನರು ಬಗ್ಗಿ ಅದರ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಹಿರಿಯರು ಹೆಸರು ಹಿಡಿದು ಕರೆದರು. ಎರಡನೆಯ ಸಲ ಕರೆದಾಗ ಬಾಲ ಅಲುಗಿತು. ಹಿರಿಯರ ಕೈಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು, ತಲೆ ಓರೆ ಮಾಡಿ, ಅದು ಕುರುಕುರು ಅಗಿಯಿತು. ಮುದುಕರು ವಾಕರ್ ಬಿಟ್ಟು ಯಜಮಾನರ ತೋಳು ಹಿಡಿದುಕೊಂಡರು. ಯಜಮಾನರು ಸ್ಟ್ಯಾಂಡ್, ನೈಲಾನ್ ತುಂಡುಗಳ ಪೆಟ್ಟಿಗೆ, ಹಾಳೆಗಳ ಕಟ್ಟು ಇಳಿಸಿಕೊಟ್ಟರು. ಕೊನೆಯ ಹಾಳೆಗೆ ಅಲ್ಲಿಯೇ ನಿಂತು ಸಹಿ ಮಾಡಿದರು. ಚಹಾ ಕುಡಿದು, ನಗುನಗುತ್ತ ಕೈ ಬೀಸಿ ಹೊರಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಗೆರೆಯೂ ಅಲುಗಲಿಲ್ಲ.

ಹೈವೇ ಹತ್ತಿ ಹತ್ತು ಮೈಲಿ ಹೋಗಿರಬೇಕು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಟವೆಲನ್ನು ಮಡಿಚಿ ಮಡಿಚಿ ಇಡುತ್ತಿದ್ದರು. ಯಜಮಾನರು ಸಿಗ್ನಲ್ ಹಾಕಿ ಮುಂದಿನ ಎಕ್ಸಿಟ್ ತೆಗೆದುಕೊಂಡರು. ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಎರಡು ಗೆರೆಗಳ ನಡುವೆ ಸರಿಯಾಗಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಕೂತರು.

"ಡಾಕ್ಟ್ರ, ಮುಂದ ನೀವು ಡ್ರೈವ್ ಮಾಡ್ರಿ" ಎಂದರು. "ನನಗ ರಸ್ತಾ ಕಾಣವಲ್ದು."